ಅಂತರ್ಜಾಲದ ಜಾಹೀರಾತುಗಳಲ್ಲಿ ಮೀಲಿತವೂ ಉನ್ಮೀಲಿತವೂ

ಜಾಹೀರಾತನ್ನು ವಾಙ್ಮಯವಿಮರ್ಶೆಯ ವಿಷಯವೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಬೆಳೆದಿಲ್ಲ. ಅದು ವರ್ತಕರ ಪಾಡು, ಸಾಹಿತ್ಯೋಪಾಧ್ಯಾಯರಿಗೆ ಅದರಿಂದ ಆಗಬೇಕಾದುದೇನೂ ಇಲ್ಲವೆಂದು ಬಿಟ್ಟುಬಿಡುತ್ತೇವೆ. ಆದರೆ ನಮ್ಮ ವಿದ್ಯಾರ್ಥಿಗಳು ಪಾಠದ ಹೊರಗೆ ಓದುವ ಕನ್ನಡ ಬಹುಮಟ್ಟಿಗೆ ಫೋನಿನಲ್ಲಿಯೇ ಉಂಟು. ಆ ಕನ್ನಡದ ವೆಚ್ಚವನ್ನು ತೆರುವವನು ಹೆಚ್ಚಾಗಿ ಜಾಹೀರಾತುದಾರನೇ. ಆದಕಾರಣ ಅವನ ಮಾತು ಯಾವ ರೂಪವನ್ನು ತಾಳಿ ಬರುತ್ತದೆಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ನಾಗರಬಾವಿಯಲ್ಲಿ ಕುಳಿತು ರಾಗಿಯ ಹುರಿಹಿಟ್ಟನ್ನು ಅಂತರ್ಜಾಲದ ಮೂಲಕ ಮಾರುವ ಒಬ್ಬ ವರ್ತಕನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳೋಣ. ಅವನಿಗೆ ಮುಖ್ಯವಾಗಿ ಎರಡು ಮಾರ್ಗಗಳುಂಟು. ಮೊದಲನೆಯದು ಆಡ್ ಸರ್ವರ್ ಎಂಬ ಯಂತ್ರವ್ಯವಸ್ಥೆ. ಪತ್ರಿಕೆಯ ಪುಟದಲ್ಲಿ ಒಂದು ಚೌಕ ತೆರವಾಗಿರುತ್ತದೆ. ವಾಚಕನು ಪುಟವನ್ನು ತೆರೆದೊಡನೆ ಅವನಿರುವ ಊರು, ಅವನ ಕೈಯ ಫೋನಿನ ಜಾತಿ, ಹಿಂದೆ ಅವನು ನೋಡಿದ ಪುಟಗಳು ಮುಂತಾದ ಗುರುತುಗಳು ಒಂದು ಹರಾಜುಕಟ್ಟೆಗೆ ಹೋಗುತ್ತವೆ. ಒಂದು ಸೆಕೆಂಡು ಕಳೆಯುವುದರೊಳಗೆ, ಹೆಚ್ಚು ಬೆಲೆ ಕೂಗಿದವನ ಜಾಹೀರಾತು ಆ ಚೌಕವನ್ನು ತುಂಬುತ್ತದೆ. ಎರಡನೆಯದು ನೇಟಿವ್ ಎಂದು ಹೆಸರಾದುದು. ಇದರಲ್ಲಿ ಚೌಕವಿಲ್ಲ. ಜಾಹೀರಾತು ಸುತ್ತಲಿನ ಬರೆಹದ ಅಕ್ಷರವನ್ನೂ ತಲೆಬರೆಹದ ಧಾಟಿಯನ್ನೂ ತಾಳಿ, ಮಧುಮೇಹವನ್ನು ಕುರಿತ ಲೇಖನವಾಗಿಯೋ ಅಜ್ಜಿಯ ಅಡುಗೆಯನ್ನು ನೆನೆಯುವ ಪ್ರಬಂಧವಾಗಿಯೋ ಬಂದು, ನಡುವೆ ಎಲ್ಲಿಯೋ ಹುರಿಹಿಟ್ಟಿನ ಹೆಸರನ್ನು ಮೆಲ್ಲನೆ ಉಸುರುತ್ತದೆ.

ಇವುಗಳ ಚರಿತ್ರೆ ಚಿಕ್ಕದು. ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆ ಪಟ್ಟಿಯಂಥ ಜಾಹೀರಾತುಗಳನ್ನು ಪ್ರಕಟಿಸಿದುದು 1994ರ ಅಕ್ಟೋಬರಿನಲ್ಲಿ. ಬಡಿಸುವ ಯಂತ್ರಗಳಲ್ಲಿ ಪ್ರಸಿದ್ಧವಾದ ಡಬಲ್‌ಕ್ಲಿಕ್ 1996ರಲ್ಲಿ ಹುಟ್ಟಿ 2008ರಲ್ಲಿ ಗೂಗಲ್ಲಿನ ವಶವಾಯಿತು. ಲೇಖನದ ಅಡಿಯಲ್ಲಿ ಮತ್ತಷ್ಟು ಓದಿಗೆ ಕರೆಯುವ ಔಟ್‌ಬ್ರೇನ್ 2006ರದು, ತಬೂಲಾ 2007ರದು. ಗೂಗಲ್ಲಿನ ಆಡ್‌ಸೆನ್ಸ್ ಹಿಂದಿಯ ಪುಟಗಳನ್ನು ಅಂಗೀಕರಿಸಿದುದು 2014ರಲ್ಲಿ, ತಮಿಳಿನ ಪುಟಗಳನ್ನು 2018ರಲ್ಲಿ. ದೇಶಭಾಷೆಗಳಿಗೂ ಕೊಳ್ಳುವವರುಂಟೆಂಬುದು ಹರಾಜುಕಟ್ಟೆಗೆ ತಡವಾಗಿ ಹೊಳೆಯಿತೆನ್ನಬೇಕು. ಮೇಲಿನ ವಿಭಾಗ ತೀರ ನಿಷ್ಕೃಷ್ಟವಾದುದೂ ಅಲ್ಲ. ನೇಟಿವ್ ಜಾಹೀರಾತನ್ನೂ ಈಗ ಅನೇಕ ವೇಳೆ ಯಂತ್ರವೇ ಬಡಿಸುತ್ತದೆ. ಆದರೂ ವಾಚಕನ ಕಣ್ಣಿಗೆ ಇವೆರಡರ ಸ್ವಭಾವ ಬೇರೆಯಾದುದರಿಂದ, ವಿಮರ್ಶೆಗೆ ಈ ಭೇದ ಸಾಕು.

ಚೌಕದ ಜಾಹೀರಾತಿನ ಗುಣವೆಂದರೆ ಅದು ಪರಕೀಯನೆಂಬುದನ್ನು ಮರೆಸುವುದಿಲ್ಲ. ಬೇಡವಾದವನು ಕಣ್ಣು ತಿರುಗಿಸಬಹುದು. ಅದರ ಕನ್ನಡವಾದರೋ ಬಡವಾದುದು. ‘ಈಗಲೇ ಖರೀದಿಸಿ’, ‘ಇನ್ನಷ್ಟು ತಿಳಿಯಿರಿ’ ಎಂಬಂಥ ವಿಧಿರೂಪದ ಕ್ರಿಯಾಪದಗಳಲ್ಲದೆ ಬೇರೆ ವಾಕ್ಯರಚನೆಯನ್ನು ಅದು ಅರಿಯದು. ಮಾತನಾಡುವವನಾರೆಂಬುದೂ ಅದರಲ್ಲಿ ತೋರದು. ಇದಕ್ಕಿಂತ ದೊಡ್ಡ ದೋಷವೊಂದುಂಟು. ವಾಚಕನು ಅದನ್ನು ಓದುವ ಮೊದಲೇ ಅದು ವಾಚಕನನ್ನು ಓದಿಬಿಟ್ಟಿರುತ್ತದೆ. ನಮ್ಮ ಬೆಂಗಳೂರಿನಲ್ಲಿ ಬೆಳೆದ ಇನ್‌ಮೊಬಿ ಎಂಬ ಸಂಸ್ಥೆಯೇ, ಜನರು ಎಲ್ಲಿರುವರೆಂಬುದನ್ನು ಅವರ ಒಪ್ಪಿಗೆಯಿಲ್ಲದೆ ಗುರುತಿಸಿತೆಂಬ ಆರೋಪಕ್ಕೆ ಗುರಿಯಾಗಿ, 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 9,50,000 ಡಾಲರುಗಳನ್ನು ತೆತ್ತು ಇತ್ಯರ್ಥಕ್ಕೆ ಬರಬೇಕಾಯಿತು.

ನೇಟಿವ್ ಜಾಹೀರಾತಿಗೆ ವಾಚಕನ ಗುಟ್ಟು ಅಷ್ಟಾಗಿ ಬೇಕಿಲ್ಲ. ಅದಕ್ಕೆ ಬೇಕಾದುದು ಅವನ ನುಡಿ. ಹುರಿಹಿಟ್ಟಿನ ಲೇಖನ ಸಾಗಬೇಕಾದರೆ ಹಳ್ಳಿಯ ಅಡುಗೆಮನೆಯನ್ನು ಬಲ್ಲವರು, ಕಾಳು ಹುರಿಯುವ ಹದವನ್ನು ಮಾತಿನಲ್ಲಿ ತರಬಲ್ಲವರು ಬರೆಯಬೇಕು. ಆದುದರಿಂದ ಇದರಲ್ಲಿ ಒಳ್ಳೆಯ ಕನ್ನಡ ದೊರೆಯುವ ಸಂಭವ ಹೆಚ್ಚು. ಬರೆದವರಿಗೆ ನಾಲ್ಕು ಕಾಸೂ ದೊರೆಯುತ್ತದೆ. ತೊಡಕು ಇರುವುದು ಇಲ್ಲಿಯೇ. ಕನ್ನಡ ಸಹಜವಾದಷ್ಟೂ ವಾಚಕನ ಎಚ್ಚರ ಸಡಿಲುತ್ತದೆ. ನಾವು ತರಗತಿಯಲ್ಲಿ ಹೊಗಳುವ ಗುಣವೇ ಇಲ್ಲಿ ವಂಚನೆಯ ಸಾಧನವಾಗಿ ನಿಲ್ಲುತ್ತದೆ.

ನಮ್ಮ ಆಲಂಕಾರಿಕರು ಇದಕ್ಕೆ ಹೆಸರಿಟ್ಟಿದ್ದಾರೆ. ಸಮಾನವಾದ ಗುಣದಿಂದ ಒಂದು ವಸ್ತು ಮತ್ತೊಂದರಲ್ಲಿ ಅಡಗಿ ಭೇದ ತೋರದಿದ್ದರೆ ಅದು ಮೀಲಿತ. ಸಹಜವಾಗಿ ಕೆಂಪಾದ ಪಾದದಲ್ಲಿ ಅರಗಿನ ಬಣ್ಣ ಕಾಣದಿರುವುದನ್ನು ಅಪ್ಪಯ್ಯ ದೀಕ್ಷಿತರು ಕುವಲಯಾನಂದದಲ್ಲಿ ಉದಾಹರಿಸುತ್ತಾರೆ. ಹಾಗೆ ಅಡಗಿದುದು ಯಾವುದೋ ಒಂದು ಕುರುಹಿನಿಂದ ಮತ್ತೆ ಹೊರಪಟ್ಟರೆ ಉನ್ಮೀಲಿತ. ರಾಜನ ಯಶಸ್ಸಿನ ಬಿಳುಪಿನಲ್ಲಿ ಮುಳುಗಿದ ಹಿಮಾಲಯವನ್ನು ದೇವತೆಗಳು ತಣುಪಿನಿಂದ ಗುರುತಿಸುವರಂತೆ. ಕಾವ್ಯದಲ್ಲಿ ಎರಡೂ ಚಮತ್ಕಾರಗಳೇ. ಮೀಲಿತವೆಂಬುದನ್ನು ಕವಿಯೇ ಹೇಳುವುದರಿಂದ ಅಲ್ಲಿ ಮೋಸಹೋಗುವವರಿಲ್ಲ. ವ್ಯಾಪಾರದಲ್ಲಿ ಹೇಳುವವನಿಲ್ಲ.

ಹಣ ಪಡೆದು ಹೊಗಳುವುದೇ ಹೀನವೆಂದು ಇಲ್ಲಿ ಕೆಲವರು ಹೇಳಬಹುದು. ಹಾಗೆಂದರೆ ನಮ್ಮ ಆದಿಕವಿಯನ್ನೇ ಪಂಕ್ತಿಯಿಂದ ಎಬ್ಬಿಸಬೇಕಾದೀತು. ವಿಕ್ರಮಾರ್ಜುನವಿಜಯದಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಬೆಸೆದನು. ಒಡೆಯನ ಬಿರುದುಗಳು ಪಾಂಡವನಿಗೆ ಸಂದುವು. ಕಥೆಗೆ ಇದರಿಂದ ಭಂಗವೂ ಬಂದಿತು. ಕೊನೆಯಲ್ಲಿ ಪಟ್ಟವೇರುವವನು ಧರ್ಮರಾಯನಲ್ಲ, ಅರ್ಜುನ, ಅವನೊಡನೆ ಸುಭದ್ರೆ. ಸುತ್ತಲಿನ ಕಥೆಯ ವೇಷವನ್ನು ತೊಟ್ಟ ಸ್ತುತಿಗೆ ಇದಕ್ಕಿಂತ ಸಮರ್ಥವಾದ ನಿದರ್ಶನ ಕನ್ನಡದಲ್ಲಿ ದೊರೆಯದು. ಆದರೆ ಪಂಪನು ಮೊದಲಲ್ಲಿಯೇ ಅರಿಕೇಸರಿಯ ವಂಶವನ್ನು ಹೇಳಿ ಅವನೇ ಕಥಾನಾಯಕನೆಂದು ಸಾರುತ್ತಾನೆ. ಕಡೆಯಲ್ಲಿ ತನಗೆ ಧರ್ಮವುರವೆಂಬ ಅಗ್ರಹಾರ ದೊರೆತುದನ್ನೂ ಮುಚ್ಚದೆ ತಿಳಿಸುತ್ತಾನೆ. ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಲ್ಲಿಯೂ ಆ ದಾನದ ಮಾತುಂಟು. ಕೊಟ್ಟವನಾರು, ಕೊಟ್ಟುದೇನು ಎಂಬೆರಡೂ ಗ್ರಂಥದೊಳಗೇ ಇರುವಾಗ ವಾಚಕನು ಕಾವ್ಯವನ್ನೂ ಸ್ತುತಿಯನ್ನೂ ಬೇರೆಬೇರೆಯಾಗಿ ತೂಗಬಲ್ಲನು. ಹತ್ತನೆಯ ಶತಮಾನದ ಕವಿ ನಡೆಸಿದ ಮರ್ಯಾದೆಯನ್ನು ಹುರಿಹಿಟ್ಟಿನ ಲೇಖಕನಿಂದ ನಿರೀಕ್ಷಿಸುವುದು ಅತಿಯಾದ ಬೇಡಿಕೆಯೇನಲ್ಲ.

ಕಾನೂನು ಈ ದಿಕ್ಕಿಗೆ ನಡೆದಿರುವುದು ಸಂತೋಷದ ಸಂಗತಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಹದಿಮೂರು ಬಗೆಯ ಕಪಟಗಳನ್ನು ಹೆಸರಿಸಿ, ವಾರ್ತಾಲೇಖನವೇ ಮೊದಲಾದ ವೇಷಗಳಲ್ಲಿ ಬರುವ ಜಾಹೀರಾತನ್ನು ಅವುಗಳಲ್ಲಿ ಒಂದಾಗಿ ಸೇರಿಸಿದೆ. ಆದರೆ ಕುರುಹಿನ ಭಾಷೆಯ ಬಗೆಗೆ ಗೊಂದಲವಿದೆ. ಜಾಹೀರಾತಿನ ಪ್ರತಿಪಾದನೆಗೆ ಸೇರಿಸುವ ಎಚ್ಚರಿಕೆಯ ಮಾತು ಆ ಪ್ರತಿಪಾದನೆಯ ಭಾಷೆಯಲ್ಲಿಯೇ ಇರತಕ್ಕದ್ದೆಂದು ಇದೇ ಪ್ರಾಧಿಕಾರ 2022ರಲ್ಲಿ ವಿಧಿಸಿತು. ಜಾಹೀರಾತು ಮಾನದಂಡ ಮಂಡಳಿಯು ಸಾಮಾಜಿಕ ಜಾಲಗಳ ಪ್ರಭಾವಿಗಳಿಗಾಗಿ 2021ರಲ್ಲಿ ಮಾಡಿದ ನಿಯಮವಾದರೋ ಕುರುಹು ಇಂಗ್ಲಿಷಿನಲ್ಲಿದ್ದರೂ ಸಾಕೆನ್ನುತ್ತದೆ. ಎಂಟುನೂರು ಪದಗಳ ಅಚ್ಚಗನ್ನಡ ಬರೆಹಕ್ಕೆ ಮೂಲೆಯಲ್ಲಿ ಒಂದು ಸಣ್ಣ ಇಂಗ್ಲಿಷ್ ಪದವನ್ನು ಅಂಟಿಸಿದರೆ, ಮೀಲಿತವು ಉನ್ಮೀಲಿತವಾಯಿತೆನ್ನಲು ನಮಗೆ ಮನಸ್ಸು ಬಾರದು.

ಕನ್ನಡದಲ್ಲಿಯೇ ಬರೆಯುವವರು ಸಾಮಾನ್ಯವಾಗಿ ‘ಪ್ರಾಯೋಜಿತ’ ಎಂಬ ಮಾತನ್ನು ಬಳಸುತ್ತಾರೆ. ಇದು ಕಾಗದದ ಹೂವಿನಂಥ ಪದ. ಹಣ ಸಂದಾಯವಾಯಿತೆಂಬ ಅರ್ಥ ಅದರಿಂದ ಸಾಮಾನ್ಯ ವಾಚಕನಿಗೆ ಹೊಳೆಯುವುದಿಲ್ಲ. ಬಹುಶಃ ಅದಕ್ಕಾಗಿಯೇ ವರ್ತಕರಿಗೆ ಅದು ಪ್ರಿಯವಾಗಿರಬಹುದು. ಉತ್ತಮವಾದ ಪದ ನಮ್ಮಲ್ಲಿ ಬಹುಕಾಲದಿಂದ ಇದೆ. ‘ಜಾಹೀರಾತು’ ಅರಬ್ಬಿ ಮೂಲದ ಜಾಹಿರ್ ಶಬ್ದದಿಂದ ಬಂದುದು. ಪ್ರಕಟವಾದುದು, ಕಣ್ಣಿಗೆ ಕಾಣುವುದು ಎಂದು ಅದರ ಅರ್ಥ. ಹಳ್ಳಿಯವರೂ ‘ಜಾಹೀರು ಮಾಡಿದರು’ ಎನ್ನುತ್ತಾರೆ. ಅಡಗಿಕೊಂಡ ಜಾಹೀರಾತು ಎಂಬುದು ಶಬ್ದಾರ್ಥದಲ್ಲಿಯೇ ವಿರೋಧ.

ನಮ್ಮ ವರ್ತಕನು ಯಾವ ಮಾರ್ಗವನ್ನು ಹಿಡಿಯಬೇಕೆಂದು ಕೇಳಿದರೆ, ಲೇಖನದ ಮಾರ್ಗವನ್ನೇ ಹಿಡಿಯಲೆಂದು ನಾವು ಹೇಳುವೆವು; ಆದರೆ ತಲೆಬರೆಹದ ಮೇಲೆ, ತಲೆಬರೆಹದಷ್ಟೇ ದಪ್ಪ ಅಕ್ಷರದಲ್ಲಿ ‘ಜಾಹೀರಾತು’ ಎಂದೂ, ಅದರ ಕೆಳಗೆ ಹಣ ಕೊಟ್ಟ ಅಂಗಡಿಯ ಹೆಸರನ್ನೂ ಅಚ್ಚುಹಾಕಿಸಲಿ. ಕುರುಹಿನ ಪದ, ಅದರ ಸ್ಥಾನ, ಅದರ ಗಾತ್ರ ಇವುಗಳನ್ನು ಗೊತ್ತುಮಾಡುವುದಕ್ಕೆ ಕಾನೂನು ಬಲ್ಲವರೂ ಕನ್ನಡ ಬಲ್ಲವರೂ ಒಟ್ಟಿಗೆ ಕೂಡಬೇಕು. ನಾಗರಬಾವಿಯಲ್ಲಿಯೇ ರಾಷ್ಟ್ರೀಯ ಕಾನೂನು ಶಾಲೆ ಇದೆ. ಅದಕ್ಕೆ ಹೊಂದಿದ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವಿದೆ. ನಡುವೆ ಇರುವ ದೂರ ನಡೆದು ಹೋಗಬಹುದಾದಷ್ಟು.