ನಲ್ಲೂರು ತೋಪಿನ ಮರಗಳು

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಒಳಗೆಲ್ಲ ಪೊಳ್ಳಾದ ಬೊಡ್ಡೆ, ಹಗ್ಗದಂತೆ ಹುರಿಗೊಂಡ ತೊಗಟೆ. ತಲೆಯೆತ್ತಿದರೆ ಕೆಂಪು ಚಿಗುರು, ತೂಗುವ ಕಾಯಿ. ಎಂಥ ಜೀವಶಕ್ತಿ! ಹುಣಸೆಯ ಮೂಲ ಆಫ್ರಿಕಾ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಇರಲಿ, ಶತಮಾನಗಳಿಂದ ನಮ್ಮ ಸಾರಿಗೆ ಹುಳಿ ಕೊಟ್ಟ ಮರ ನಮ್ಮದೇ.

ಹೊಸ ಬಡಾವಣೆಗಳಲ್ಲಿ ಮಡಗಾಸ್ಕರ್ ಮೂಲದ ಗುಲ್‌ಮೊಹರ್ ನೆಡುವವರೇ ಹೆಚ್ಚು. ಹೂವು ಚೆಂದ, ನಿಜ. ಬಿರುಗಾಳಿಗೆ ಕೊಂಬೆ ನಿಲ್ಲದು. ವಿಶಾಲ ಜಾಗವಿದ್ದರೆ ಹುಣಸೆ, ರಸ್ತೆ ಬದಿಗೆ ಹೊಂಗೆ ನೆಡಿ. ಕಡುಬೇಸಿಗೆಯಲ್ಲೂ ಹೊಂಗೆಯ ನೆರಳು ತಂಪು, ಹೂವಿಗೆ ಜೇನುನೊಣ ಮುತ್ತುತ್ತದೆ.

ಮೊದಲ ಎರಡು ಮೂರು ಬೇಸಿಗೆ ಪಾತಿಗೆ ನೀರುಣಿಸಿ, ತರಗೆಲೆ ಮುಚ್ಚಿ. ಆಸರೆ ಕೋಲಿಗೆ ಕಟ್ಟಿದ ದಾರ ಕಾಂಡ ಕೊರೆಯುವ ಮುನ್ನ ಸಡಿಲಿಸಿ. ಬುಡದ ತನಕ ಸಿಮೆಂಟ್ ಮೆತ್ತಲು ಮಾತ್ರ ಬಿಡಬೇಡಿ. ಬೇರಿಗೆ ಮಳೆನೀರೂ ಗಾಳಿಯೂ ಬೇಕು.