ಪಿರಿಯಾಪಟ್ಟಣದ ಕೋಟೆಯೂ ನಂಜುಂಡ ಕವಿಯ ಕಾವ್ಯವೂ

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ಮಡಿಕೇರಿಗೆ ಹೋಗುವ ಪ್ರವಾಸಿಗಳು ಪಿರಿಯಾಪಟ್ಟಣದಲ್ಲಿ ಕಾಫಿಗೆಂದು ಇಳಿದರೆ ಅದೇ ಹೆಚ್ಚು. ಇಲ್ಲಿ ಚಂಗಾಳ್ವ ಅರಸರ ಕೋಟೆಯೊಂದಿತ್ತು. 1644-45ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರ ಸೈನ್ಯ ಅದನ್ನು ಮುತ್ತಿ ವಶಪಡಿಸಿಕೊಂಡಿತು. ಈ ಸಂಗತಿಯ ಬೆನ್ನಿಗೇ ಒಂದು ಕಥೆಯೂ ಬರುತ್ತದೆ. ಇನ್ನು ಉಳಿಗಾಲವಿಲ್ಲವೆಂದು ಕಂಡ ಅರಸ ತನ್ನ ಮಡದಿ ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿರಿದು ಶತ್ರುಗಳ ನಡುವೆ ನುಗ್ಗಿ ಮಡಿದನಂತೆ. ರೈಸರ ಗೆಜೆಟಿಯರ್ ಆ ಅರಸನನ್ನು ವೀರರಾಜನೆಂದು ಕರೆಯುತ್ತದೆ. ಅದಕ್ಕೂ ಮೊದಲೇ, 1800ರಲ್ಲಿ ಈ ದಾರಿಯಲ್ಲಿ ಬಂದ ಬುಕನನ್ ಸಾಹೇಬ ಹೆಚ್ಚು ಕಡಿಮೆ ಇದೇ ಕಥೆಯನ್ನು ಬರೆದುಕೊಂಡಿದ್ದ. ಆ ವೇಳೆಗೆ ಕೋಟೆ ಹಾಳುಬಿದ್ದು ಹುಲಿಗಳ ಬೀಡಾಗಿತ್ತು.

ಈ ಸೀಮೆಯ ಇತರ ಸ್ಥಳಗಳಿಗೆ ಏನಾದರೊಂದು ಆಸರೆಯುಂಟು. ಕೃಷ್ಣರಾಜನಗರದ ಚುಂಚನಕಟ್ಟೆಯನ್ನು ಶ್ರೀರಾಮ ಕಾಯುತ್ತಾನೆ. ಅಲ್ಲಿನ ಧುಮುಕುವ ಕಾವೇರಿಯ ಸದ್ದು ಗರ್ಭಗುಡಿಯೊಳಕ್ಕೆ ಕೇಳಿಸದೆಂಬ ಐತಿಹ್ಯವೊಂದೇ ಸಾಕು, ಜನ ಬರುತ್ತಾರೆ. ಕಪ್ಪಡಿಯಲ್ಲಿ ರಾಚಪ್ಪಾಜಿಯವರ ಜಾತ್ರೆಯುಂಟು, ಹಾಡಲು ನೀಲಗಾರರಿದ್ದಾರೆ. ಹೆಗ್ಗಡದೇವನಕೋಟೆಯ ಕಿತ್ತೂರು, ಹಿಂದಿನ ಪುನ್ನಾಟ ರಾಜ್ಯದ ಕೀರ್ತಿಪುರ, ಕಬಿನಿಯ ನೀರಿನಡಿ ಸೇರಿದರೂ ಅದನ್ನು ಪಂಡಿತರು ಮರೆತಿಲ್ಲ. ಪಿರಿಯಾಪಟ್ಟಣದ ಕೋಟೆಗೆ ಮಾತ್ರ ಆ ಒಂದು ದಿನದ ಕಥೆಯೇ ಆಸರೆ. ಅದನ್ನು ನಾವು ಶೌರ್ಯವೆಂದು ಮೆಚ್ಚಿ ಮುಂದಕ್ಕೆ ಸಾಗುತ್ತೇವೆ. ನನಗೆ ಅಷ್ಟು ಸುಲಭವಾಗಿ ಮುಂದಕ್ಕೆ ಸಾಗಲು ಆಗುವುದಿಲ್ಲ. ಕಾರಣ, ಇದೇ ನಾಡಿನಲ್ಲಿ ಹುಟ್ಟಿದ ಒಂದು ಕಾವ್ಯ.

ಚಂಗಾಳ್ವರ ನಾಡು ಬರೀ ಕತ್ತಿಯ ನಾಡಾಗಿರಲಿಲ್ಲ. ಇಂದಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ದೇವರಾಜ ಅರಸರ ಊರೆಂದು ಎಲ್ಲರಿಗೂ ಗೊತ್ತು. ಅಲ್ಲಿನ ಪ್ರಭುವಾಗಿದ್ದ ಮೂರನೆಯ ಮಂಗರಸ 1508ರ ಸುಮಾರಿನಲ್ಲಿ ನೇಮಿಜಿನೇಶ ಸಂಗತಿ, ಸಮ್ಯಕ್ತ್ವ ಕೌಮುದಿಗಳ ಜೊತೆಗೆ 'ಸೂಪಶಾಸ್ತ್ರ'ವನ್ನೂ ಬರೆದನೆಂಬುದು ಅಷ್ಟಾಗಿ ಗೊತ್ತಿಲ್ಲ. ಊರಾಳುವ ದೊರೆ ಕುಳಿತು ಅಡಿಗೆಯ ಮೇಲೆ ಷಟ್ಪದಿ ಕಟ್ಟಿದನೆಂದರೆ ಆ ಕಾಲದಲ್ಲಿ ನೆಮ್ಮದಿ ಎಷ್ಟಿದ್ದೀತು! ಅವನ ಹಿಂದೆಯೇ, 1525ರ ಸುಮಾರಿಗೆ, ಇದೇ ಚಂಗಾಳ್ವ ನಾಡಿನ ನಂಟಿನವನಾದ ನಂಜುಂಡ ಕವಿ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ.

ಗಮನಿಸಬೇಕಾದ ಮಾತೆಂದರೆ, ನಂಜುಂಡ ಆರಿಸಿಕೊಂಡದ್ದು ಗೆದ್ದ ಅರಸನ ಕಥೆಯನ್ನಲ್ಲ. ಕುಮಾರರಾಮ ಕಂಪಿಲರಾಯನ ಮಗ, ಪರನಾರೀ ಸಹೋದರನೆಂದು ಹೆಸರಾದವನು. ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಬಯಸುತ್ತಾಳೆ. ಒಲ್ಲೆನೆಂದವನ ಮೇಲೆ ಅಪವಾದ ಹೊರಿಸುತ್ತಾಳೆ. ತಂದೆ ತಲೆ ಹೊಡೆಯಲು ಅಪ್ಪಣೆ ಮಾಡುತ್ತಾನೆ, ಮಂತ್ರಿ ಬೈಚಪ್ಪ ಗುಟ್ಟಾಗಿ ಉಳಿಸುತ್ತಾನೆ, ಡಿಲ್ಲಿಯ ದಂಡು ಬಂದಾಗ ರಾಮ ಹೊರಬಂದು ಕಾದಿ ಸಾಯುತ್ತಾನೆ.

ಕಾವ್ಯವಾಗಿ ನೋಡಿದರೆ ನಂಜುಂಡನಿಗೆ ಮಹಾಕಾವ್ಯದ ಆಸೆ ಹೆಚ್ಚು. ಹಾಡಿಗೆ ಒದಗುವ ಸಾಂಗತ್ಯದ ಮೇಲೆ ವರ್ಣನೆಯ ಹೊರೆ ಹೇರುತ್ತಾನೆ. ಸಾಮಾನ್ಯ ಓದುಗ ಅಲ್ಲಲ್ಲಿ ಹಾಳೆ ಮಗುಚಿದರೆ ಅದು ದೊಡ್ಡ ಅಪರಾಧವಲ್ಲ. ಆದರೆ ರತ್ನಾಜಿ ಬಂದಳೆಂದರೆ ಕಾವ್ಯಕ್ಕೆ ಜೀವ ಬರುತ್ತದೆ. ಅವಳು ಕೆಟ್ಟವಳೆಂದು ಕವಿಯ ತೀರ್ಪು ಮೊದಲೇ ಆಗಿಹೋಗಿದೆ, ನಿಜ. ಆದರೂ ಮುದಿಗಂಡನ ಅರಮನೆಯಲ್ಲಿ ಕೂತ ಹೆಣ್ಣಿನ ಬಾಯಿಗೆ ಮಾತು ಕೊಟ್ಟಿದ್ದಾನೆ. ರಾಮನ ಶೀಲ ಎಷ್ಟು ಉಜ್ಜ್ವಲವೋ ಅಷ್ಟೇ ಏಕರೂಪದ್ದು. ರತ್ನಾಜಿಯ ಸಂಕಟಕ್ಕೆ ಏರಿಳಿತವುಂಟು.

ಇನ್ನು ಕಂಪಿಲಿಯ ಕೊನೆ. 1327ರ ಆ ಪತನವನ್ನು ಇಬ್ನ್ ಬತೂತ ತನ್ನ ಪ್ರವಾಸಕಥನದಲ್ಲಿ ಹೇಳಿದ್ದಾನೆ. ಮಹಮ್ಮದ್ ತೊಗಲಕನಿಗೆ ತಿರುಗಿಬಿದ್ದವನೊಬ್ಬನಿಗೆ ಅಲ್ಲಿನ ರಾಯ ಆಶ್ರಯ ಕೊಟ್ಟ. ಸೈನ್ಯ ಬಂದು ಮುತ್ತಿತು. ಹೆಂಗಸರು ಬೆಂಕಿಗೆ ಬಿದ್ದರು. ರಾಯ ಹೋರಾಡಿ ಸತ್ತ. ಇದನ್ನು ಪಿರಿಯಾಪಟ್ಟಣದ ಕಥೆಯ ಪಕ್ಕದಲ್ಲಿಟ್ಟು ನೋಡಿ. ಮೊದಲು ಹೆಂಗಸರು, ಆಮೇಲೆ ಕತ್ತಿ. ಅಚ್ಚು ಒಂದೇ.

ಕುಮಾರರಾಮನ ಕಥೆ ಈ ನಾಡಿನಲ್ಲಿ ಕಾವ್ಯವಾಗಿ ಸುಮಾರು 120 ವರ್ಷಗಳಾದ ಮೇಲೆ ಪಿರಿಯಾಪಟ್ಟಣ ಬಿತ್ತು. ವೀರರಾಜ ತಾನು ಕೇಳಿದ ಕಥೆಯಂತೆ ಸತ್ತನೋ, ಅಥವಾ ಹೇಳಿದವರು ತಾವು ಕೇಳಿದ ಕಥೆಯಂತೆ ಅವನನ್ನು ಸಾಯಿಸಿದರೋ? ಎರಡನೆಯದೇ ಹೆಚ್ಚು ಸಂಭವವೆಂದು ನನ್ನ ಅನಿಸಿಕೆ. ಸೋತ ಅರಸನಿಗೆ ಮರ್ಯಾದೆಯ ಸಾವು ಬೇಕು. ಅದರ ಮಾದರಿ ಜನರ ಕಿವಿಯಲ್ಲಿ ಸಿದ್ಧವಾಗಿತ್ತು. ಹಾಗಿದ್ದರೆ ನಾವು ಚರಿತ್ರೆಯೆಂದು ಒಪ್ಪಿಸುತ್ತಿರುವುದರಲ್ಲಿ ಅರ್ಧ ಸಾಹಿತ್ಯ. ಅದರಲ್ಲಿ ನಷ್ಟವೇನಿಲ್ಲ. ನಷ್ಟವಾದದ್ದು ಬೇರೆ: ಕಂಪಿಲಿಯ ಕಥೆ ಹೇಳಿದವನಿಗೆ ರತ್ನಾಜಿಯಾದರೂ ನೆನಪಿದ್ದಳು, ಪಿರಿಯಾಪಟ್ಟಣದ ಮಡದಿಯರು ಬರೀ 'ಮಡದಿ ಮಕ್ಕಳು' ಎಂಬ ಜೋಡುಪದವಾಗಿ ಉಳಿದರು.

ಸೋತವರನ್ನು ನೆನೆಯುವ ಕ್ರಮ ಬೇರೆಯೂ ಇರಬಹುದೆಂಬುದಕ್ಕೆ ಜಪಾನಿನ ಒಂದು ಉದಾಹರಣೆ ಕೊಡುತ್ತೇನೆ. ಆ ದೇಶದ ಕೋಟೆಯೆಂದರೆ ನಮ್ಮವರಿಗೆ ಹಿಮೇಜಿಯ ಬಿಳಿಯ ಗೋಪುರದ ಚಿತ್ರವೇ ಕಣ್ಣಿಗೆ ಬರುತ್ತದೆ. ಅದು ಗೆದ್ದ ಪಕ್ಷದವರು 1609ರಲ್ಲಿ ಮುಗಿಸಿದ ಕಟ್ಟಡ. ಆದರೆ ಶಿಮೊನೊಸೆಕಿಯ ಅಕಾಮಾ ದೇವಸ್ಥಾನ ಸೋತವರದು. 1185ರ ದಾನ್‌ನೊಉರಾ ನೌಕಾಯುದ್ಧದಲ್ಲಿ ತೈರಾ ವಂಶ ನಿರ್ನಾಮವಾದಾಗ ಅಜ್ಜಿಯೇ ಬಾಲಚಕ್ರವರ್ತಿ ಅಂತೊಕುವನ್ನು ತಬ್ಬಿಕೊಂಡು ಸಮುದ್ರಕ್ಕೆ ಹಾರಿದಳು. ಕುರುಡ ಹಾಡುಗಾರರು ಬಿವಾ ಎಂಬ ತಂತಿವಾದ್ಯ ಹಿಡಿದು ಊರೂರು ಸುತ್ತಿ ಆ ಕಥೆ ಹಾಡಿದರು. ಅದೇ 'ಹೇಯ್ಕೆ' ಕಥನಕಾವ್ಯ. ಅದರಲ್ಲಿ ಮುದುಕಿಯ ಕೃತ್ಯಕ್ಕೆ ಜಯಘೋಷವಿಲ್ಲ, ಅಳಲುಂಟು. ಪ್ರತಿವರ್ಷ ಮೇ ತಿಂಗಳಲ್ಲಿ ಅಲ್ಲಿ ಉತ್ಸವ ನಡೆಯುತ್ತದೆ. ಸಾಯದೆ ಉಳಿದ ಅಂತಃಪುರದ ಹೆಂಗಸರು ಹೂ ಮಾರಿ, ಮೈ ಮಾರಿ ಬದುಕಿದರೂ ಪುಣ್ಯದಿನದಂದು ಆ ಹುಡುಗನ ಸಮಾಧಿಗೆ ತಪ್ಪದೆ ಬರುತ್ತಿದ್ದರಂತೆ. ಅದರ ನೆನಪಿಗೆ ಇಂದಿಗೂ ಹೆಂಗಸರು ಅಲಂಕರಿಸಿಕೊಂಡು ಮೆರವಣಿಗೆಯಲ್ಲಿ ನಡೆಯುತ್ತಾರೆ. ಸತ್ತವರ ಜೊತೆಗೆ ಉಳಿದವರಿಗೂ ಆ ಹಬ್ಬದಲ್ಲಿ ಜಾಗವಿದೆ.

ನಮ್ಮಲ್ಲೂ ಹಾಡುಗಾರರಿಗೆ ಬರವಿಲ್ಲ. 'ಪಿರಿಯಾಪಟ್ಟಣದ ಕಾಳಗ'ವೆಂಬ ಜನಪದ ಲಾವಣಿ ಉಂಟು. ಚರಿತ್ರಕಾರರು ಅದನ್ನು ಇಸವಿ ಹುಡುಕಲು ಓದುತ್ತಾರೆ, ಇಸವಿ ಸಿಗದೆ ಕೆಳಗಿಡುತ್ತಾರೆ. ಅದನ್ನೂ ನಂಜುಂಡನ ಸಾಂಗತ್ಯವನ್ನೂ ಒಟ್ಟಿಗೆ ಓದಿ, ಎಲ್ಲಿ ಒಂದರ ನುಡಿ ಇನ್ನೊಂದರಲ್ಲಿ ಸೇರಿದೆ, ಹೆಂಗಸರು ಎಲ್ಲಿ ಬಾಯಿ ತೆರೆಯುತ್ತಾರೆ, ಎಲ್ಲಿ ಮುಚ್ಚುತ್ತಾರೆ ಎಂಬುದನ್ನು ಗುರುತು ಹಾಕುವ ಕೆಲಸಕ್ಕೆ ಮೈಸೂರಿನ ಸಂಶೋಧಕ ವಿದ್ಯಾರ್ಥಿಯೊಬ್ಬ ಕೈಹಾಕಬಾರದೇಕೆ? ಪಿರಿಯಾಪಟ್ಟಣ ದೂರವೇನಲ್ಲ, ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಗೆ ಮನೆ ಸೇರಬಹುದು.