‘ಮೈಲಿಗೆ’ ಅನ್ನೋ ಅನುವಾದ

ನನ್ನ ಪೀರಿಯಡ್ಸ್ 11ನೇ ದಿನಕ್ಕೆ ಕಾಲಿಟ್ಟಾಗ ಫ್ಲ್ಯಾಟ್‌ಮೇಟ್ ಹೇಳಿದ್ದು, “ಇನ್ನೂ ನಾಲ್ಕು ದಿನ ಟೈಮಿದೆ, ಯಾಕೆ ಒದ್ದಾಡ್ತೀಯ?” ಅವಳು ಭಟ್ಕಳದವಳು, ಶಾಫಿ. ಕರಾವಳಿಯ ನವಾಯತರು, ಬ್ಯಾರಿಗಳು ಹೆಚ್ಚಾಗಿ ಇದೇ ಪಂಥದವರು. ನಮ್ಮದು ಉರ್ದು ಮಾತಾಡುವ ಹನಫಿ ಮನೆ. ಶಾಫಿ ಲೆಕ್ಕದಲ್ಲಿ ಮುಟ್ಟು ಹೆಚ್ಚೆಂದರೆ 15 ದಿನ, ಕಡಿಮೆಯೆಂದರೆ ಒಂದು ಹಗಲು ಒಂದು ರಾತ್ರಿ. ನಮ್ಮ ಲೆಕ್ಕದಲ್ಲಿ ಹೆಚ್ಚೆಂದರೆ 10, ಕಡಿಮೆಯೆಂದರೆ 3. ಹತ್ತು ದಾಟಿತೋ, ಲೆಕ್ಕ ಹಿಂದಕ್ಕೆ ಓಡುತ್ತೆ. ನನ್ನ ಮಾಮೂಲಿ ಅವಧಿ 6 ದಿನ. ಹಾಗಾಗಿ 7ರಿಂದ ಮುಂದಿನದು ಮುಟ್ಟೇ ಅಲ್ಲ, ‘ಇಸ್ತಿಹಾಜಾ’, ಅಂದರೆ ಬರೀ ರಕ್ತಸ್ರಾವ. ಮುಟ್ಟು ಅಂದುಕೊಂಡು ಆ ನಾಲ್ಕು ದಿನ ಬಿಟ್ಟ 20 ಫರ್ಜ್ ನಮಾಜ್ ಈಗ ನನ್ನ ತಲೆ ಮೇಲೆ ಸಾಲ. ಅದೇ ರಕ್ತ ಅವಳ ಮೈಯಿಂದ ಬಂದು 15ರೊಳಗೆ ನಿಂತಿದ್ದರೆ ಸಾಲ ಸೊನ್ನೆ.

ಇದನ್ನ ಖಚಿತ ಮಾಡ್ಕೊಳ್ಳೋಕೆ ಅಂತ ಕನ್ನಡದಲ್ಲಿ ಸಿಕ್ಕ ಒಂದಷ್ಟು ಕಿರುಪುಸ್ತಕ, ಪಿಡಿಎಫ್‌ಗಳನ್ನು ಕೂತು ಓದಿದೆ. ನನ್ನ ತಕರಾರು ನಿಯಮಗಳ ಮೇಲಲ್ಲ (ಆ ಜಗಳ ಇನ್ನೊಂದು ದಿನಕ್ಕಿರಲಿ), ಅವುಗಳ ಕನ್ನಡದ ಮೇಲೆ. ಪುಟ ತೆರೆದರೆ ‘ಮೈಲಿಗೆ’, ‘ಅಶುದ್ಧಳು’, ‘ಅಪವಿತ್ರ ಸ್ಥಿತಿ’. ಬರೆದವರು ಸಜ್ಜನರೇ ಇರಬೇಕು, ಕೈಗೆ ಸಿಕ್ಕ ಪದ ಹಾಕಿದ್ದಾರೆ. ಆದರೆ ಆ ಪದಗಳು ಖಾಲಿ ಕೈಯಲ್ಲಿ ಬರಲ್ಲ. ಮೈಲಿಗೆ ಅಂದ ಕೂಡಲೇ ಕನ್ನಡದಲ್ಲಿ ಕಣ್ಣಿಗೆ ಕಟ್ಟೋದು ಹಿತ್ತಲ ಮೂಲೆ, ಬೇರೆ ತಟ್ಟೆ, ಬೇರೆ ಚಾಪೆ, ‘ಅವಳು ಹೊರಗಾಗಿದ್ದಾಳೆ’ ಅನ್ನೋ ಪಿಸುಮಾತು. ಅದರ ಹಿಂದೆಯೇ ಜಾತಿಯೂ ಬರುತ್ತೆ.

ಅರಬ್ಬಿಯ ‘ಹೈಜ್’ ಅಂದರೆ ಮೂಲದಲ್ಲಿ ಹರಿಯುವುದು, ಅಷ್ಟೇ. ಇನ್ನೊಂದು ಪದ ‘ಹದಸ್’. ಅದು ನಮಾಜಿಗೆ ಅಡ್ಡಿಯಾಗುವ ಒಂದು ಕಾನೂನು ಸ್ಥಿತಿ. ಮಲಗಿ ನಿದ್ದೆ ಹೋದರೂ, ಹೂಸು ಬಿಟ್ಟರೂ ಗಂಡಸಿಗೂ ಅದರ ಸಣ್ಣ ರೂಪ ಅಂಟಿಕೊಳ್ಳುತ್ತೆ. ಹಾಗಂತ ಯಾವ ಪುಸ್ತಕವೂ ಅವನನ್ನ ‘ಮೈಲಿಗೆಯಾದವನು’ ಅಂತ ಕರೆದಿದ್ದು ನಾನು ನೋಡಿಲ್ಲ. ವುಜೂ ಮಾಡು, ನಡಿ, ಅನ್ನುತ್ತೆ. ಕುರ್‌ಆನ್ 2:222ರಲ್ಲಿ ಮುಟ್ಟಿಗೆ ಬಳಸಿರುವ ಪದ ‘ಅದಾ’: ನೋವು, ತೊಂದರೆ, ಕಿರಿಕಿರಿ. ಅದೇ ಅಧ್ಯಾಯದಲ್ಲಿ ಸ್ವಲ್ಪ ಹಿಂದೆ, 2:196ರಲ್ಲಿ, ತಲೆಯ ತೊಂದರೆ ಇರುವ ಯಾತ್ರಿಕನಿಗೆ ಕೂದಲು ಬೋಳಿಸಲು ರಿಯಾಯಿತಿ ಕೊಡುವಾಗಲೂ ಇದೇ ಪದ ಬರುತ್ತೆ. ಅಲ್ಲಿ ಮಾತ್ರ ‘ತೊಂದರೆ’, ಹೆಂಗಸಿನ ವಿಷಯಕ್ಕೆ ಬಂದಾಗ ‘ಮಾಲಿನ್ಯ’! ಇದು ಅನುವಾದಕರ ಕೈಚಳಕ.

ಇದಕ್ಕಿಂತ ಬೇಜಾರಾಗೋದು ಬುಖಾರಿಯ ಹದೀಸ್ ಸಂಗ್ರಹಕ್ಕೆ ಹೋದಾಗ. ಅಲ್ಲಿ ‘ಕಿತಾಬುಲ್ ಹೈಜ್’ ಅಂತ ಇಡೀ ಒಂದು ವಿಭಾಗವೇ ಇದೆ. ಮುಟ್ಟಾಗಿರುವ ಆಯಿಷಾ ಪ್ರವಾದಿಯವರ ತಲೆ ಬಾಚುತ್ತಾರೆ. ಅವರ ಮಡಿಲಲ್ಲಿ ಒರಗಿಕೊಂಡೇ ಪ್ರವಾದಿ ಕುರ್‌ಆನ್ ಪಠಿಸುತ್ತಾರೆ. ಮುಸ್ಲಿಮ್ ಅವರ ಸಂಗ್ರಹದಲ್ಲಿ ಅವರು ಕುಡಿದ ಪಾತ್ರೆಯ ಅದೇ ಜಾಗಕ್ಕೆ ಬಾಯಿಟ್ಟು ಕುಡಿಯುತ್ತಾರೆ. ಮಸೀದಿಯಿಂದ ಚಾಪೆ ಕೊಡು ಅಂದಾಗ ಆಯಿಷಾ ಹಿಂಜರಿದರೆ, ನಿನ್ನ ಮುಟ್ಟು ನಿನ್ನ ಕೈಯಲ್ಲಿಲ್ಲವಲ್ಲ ಎಂಬರ್ಥದ ಉತ್ತರ. ಈ ಒಂದು ಉತ್ತರವನ್ನ ಕನ್ನಡದಲ್ಲಿ ಹೇಳಿ ನೋಡಿ. ‘ಮೈಲಿಗೆ’ ಪದ ಇಟ್ಟುಕೊಂಡು ಈ ದೃಶ್ಯ ಬರೆಯೋಕೇ ಆಗಲ್ಲ.

ಇನ್ನೊಂದು ನನಗಿಷ್ಟ, ಅಲ್ಲಿ ಹೆಂಗಸರು ಪ್ರಶ್ನೆ ಕೇಳ್ತಾರೆ. ಫಾತಿಮಾ ಬಿಂತ್ ಅಬೀ ಹುಬೈಶ್, ರಕ್ತ ನಿಲ್ಲುತ್ತಲೇ ಇಲ್ಲ, ನಮಾಜ್ ಬಿಡಲೇ ಅಂತ ನೇರವಾಗಿ ಕೇಳುತ್ತಾರೆ. ಬೇಡ, ಅದು ಒಂದು ರಕ್ತನಾಳದ್ದು, ಮುಟ್ಟಿನ ದಿನ ಬಿಟ್ಟು ಆಮೇಲೆ ತೊಳೆದುಕೊಂಡು ನಮಾಜ್ ಮಾಡು ಅನ್ನೋ ಉತ್ತರ ಸಿಗುತ್ತೆ. ಬೇರೆ ಹೆಂಗಸರು ಹಳದಿ ಬಣ್ಣ ಅಂಟಿದ ಹತ್ತಿಯನ್ನ ಡಬ್ಬಿಯಲ್ಲಿಟ್ಟು ಆಯಿಷಾಗೆ ಕಳಿಸಿ, ಮುಗೀತಾ ಅಂತ ಕೇಳುತ್ತಿದ್ದರು. ಬಿಳಿ ಕಾಣುವವರೆಗೆ ಅವಸರ ಬೇಡ ಅಂತಿದ್ದರು ಅವರು. ಇವತ್ತು ವಾಟ್ಸಾಪ್‌ನಲ್ಲಿ ಗೆಳತಿಗೆ ಫೋಟೋ ಕಳಿಸೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಹಾಗಂತ ಎಲ್ಲಾ ಸಿಹಿ ಅಲ್ಲ. ಅದೇ ವಿಭಾಗದಲ್ಲೇ, ಮುಟ್ಟಿನಲ್ಲಿ ನಮಾಜ್, ಉಪವಾಸ ಬಿಡೋದು ಹೆಂಗಸಿನ ಧರ್ಮದಲ್ಲಿನ ಕೊರತೆ ಅನ್ನುವ ವರದಿಯೂ ಇದೆ. ಬಿಡು ಅಂದವರೇ ಬಿಟ್ಟಿದ್ದಕ್ಕೆ ಅಂಕ ಕಳೆಯೋದು ನನಗೆ ಇನ್ನೂ ಅರಗಿಲ್ಲ. ವ್ಯಾಖ್ಯಾನಕಾರರು ‘ಅದು ತಪ್ಪು ಅಂತಲ್ಲ, ಪ್ರಮಾಣದಲ್ಲಿ ಕಡಿಮೆ ಅಂತ’ ಅಂತ ಸಮಾಧಾನ ಹೇಳ್ತಾರೆ. ಸಮಾಧಾನ ಆಗಲ್ಲ. ಉಪವಾಸ ಆಮೇಲೆ ತೀರಿಸಬೇಕು, ನಮಾಜ್ ಯಾಕೆ ಬೇಡ ಅಂತ ಮುಆದಾ ಕೇಳಿದರೆ, ಖಾರಿಜಿಗಳ ಕಡೆಯವಳೇನು ಅಂತ ಆಯಿಷಾ ಕೂಡ ಗದರಿಸುತ್ತಾರೆ.

ನಂತರದ ಪುಸ್ತಕಗಳಲ್ಲಿ ಕೇಳುವ ಹೆಣ್ಣೇ ಮಾಯ. 20ನೇ ಶತಮಾನದ ಆರಂಭದಲ್ಲಿ ಅಶ್ರಫ್ ಅಲಿ ಥಾನವಿ ಹೆಂಗಸರಿಗೆಂದೇ ಉರ್ದುವಿನಲ್ಲಿ ಬರೆದ ‘ಬಹಿಶ್ತಿ ಜೇವರ್’ ನಮ್ಮ ಮನೆಗಳಲ್ಲಿ ಮದುವೆಯ ಉಡುಗೊರೆ. ಲೆಕ್ಕ ಪಕ್ಕಾ, ಮಸಅಲಾಗಳಿಗೆ ಕ್ರಮಸಂಖ್ಯೆ. ಅಷ್ಟು ಸೂಕ್ಷ್ಮವಾಗಿ ಹೆಣ್ಣಿನ ದೇಹವನ್ನ ಗಮನಿಸಿದ್ದಕ್ಕೆ ಮೆಚ್ಚಬೇಕು. ಆದರೆ ಮಾತುಕತೆ ಹೋಗಿ ಟೇಬಲ್ ಬಂತು. ಕನ್ನಡದ ಕಿರುಪುಸ್ತಕಗಳು ಆ ಟೇಬಲ್ಲಿಗೆ ‘ಮೈಲಿಗೆ’ಯ ಹೊದಿಕೆ ಹಾಕಿವೆ.

ನಮಾಜ್, ರೋಜಾ, ಹಜ್ ಎಲ್ಲವನ್ನೂ ಕನ್ನಡ ಹಾಗೇ ನುಂಗಿಕೊಂಡಿದೆ. ‘ಹೈಜ್’, ‘ಗುಸ್ಲ್’ ಕೂಡ ಹಾಗೇ ಇರಲಿ, ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಸಾಕು. ಇದನ್ನ ಫ್ಲ್ಯಾಟ್‌ಮೇಟ್‌ಗೆ ಹೇಳಿದೆ. “ಮೊದಲು ನಿನ್ನ 20 ಮುಗಿಸು” ಅಂದಳು. ಇಲ್ಲಿಯವರೆಗೆ 14 ಆಗಿದೆ.